ಕೋಟೆ ಹೈಸ್ಕೂಲಿನ ಒಂದು ರೂಪಾಯಿ

ಕಳೆದ ತಿಂಗಳು ಮಗಳ ಮನೆಗೆ ಒಂದು ಹೊಳಪು ಕಾಗದದ ಪುಸ್ತಿಕೆ ಬಂತು. ಮೊಮ್ಮಗಳು ಈ ವರ್ಷ ಎಂಟನೇ ತರಗತಿಗೆ ಹೋಗಬೇಕು. ಯಾವ ಶಾಲೆ ಎಂದು ಮನೆಯಲ್ಲಿ ಚರ್ಚೆ ನಡೆದಿತ್ತು. ಪುಸ್ತಿಕೆಯ ನಡುವಿನ ಎರಡು ಪುಟಗಳ ತುಂಬ ‘ಸೌಲಭ್ಯಗಳು’ ಎಂಬ ಪಟ್ಟಿ. ಈಜುಕೊಳ, ಏಸಿ ತರಗತಿ, ಕುದುರೆ ಸವಾರಿ, ಇನ್ನೂ ಏನೇನೋ. ಅವಳು ಒಂದೊಂದರ ಮೇಲೂ ಬೆರಳಿಟ್ಟು ಓದಿ ಮುಗಿಸಿ, ನನ್ನ ಕಡೆ ತಿರುಗಿದಳು.

“ತಾತ, ನಿಮ್ಮ ಸ್ಕೂಲಲ್ಲಿ ಏನೇನು ಫೆಸಿಲಿಟಿ ಇತ್ತು?”

“ಒಂದು ಕೋಟೆ ಇತ್ತು, ಒಂದು ಅರಮನೆ ಇತ್ತು. ರಾಮನವಮಿ ಬಂತು ಅಂದ್ರೆ ಎಂ. ಎಸ್. ಸುಬ್ಬುಲಕ್ಷ್ಮಿ ಬಂದು ಹಾಡ್ತಿದ್ರು” ಅಂದೆ.

“ಬುರುಡೆ ಬಿಡಬೇಡಿ ತಾತ!”

ನಾನು ಬದುಕಿಡೀ ಬ್ಯಾಂಕಿನಲ್ಲಿ ಕೂತು ಲೆಕ್ಕ ಬರೆದವನು. ಬುರುಡೆ ಎಂದರೆ ಸಹಿಸಲಾರೆ. “ಶನಿವಾರ ನಡಿ, ತೋರಿಸ್ತೀನಿ” ಅಂದೆ. ಶನಿವಾರ ಬೆಳಿಗ್ಗೆ ಇಬ್ಬರೂ ಮೆಟ್ರೊ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದೆವು.

ನಾನು ಓದಿದ್ದು ಬೆಂಗಳೂರಿನ ಚಾಮರಾಜಪೇಟೆಯ ಸರ್ಕಾರಿ ಕೋಟೆ ಪ್ರೌಢಶಾಲೆಯಲ್ಲಿ. ಜನರ ಬಾಯಲ್ಲಿ ಅದು ‘ಫೋರ್ಟ್ ಹೈಸ್ಕೂಲು’. ಅದರ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಅದು ಅಲ್ಲಿಗೆ ಹೇಗೆ ಬಂತು, ಅಲ್ಲಿ ನಮಗೆ ಏನೇನು ಸಿಕ್ಕಿತು ಎಂಬುದನ್ನು ಮಕ್ಕಳಿಗೂ, ಅವರ ಅಜ್ಜ ಅಜ್ಜಿಯರಿಗೂ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ಅರವತ್ತು ವರ್ಷದಿಂದ ಒಳಗೇ ಇಟ್ಟುಕೊಂಡ ಒಂದು ಬಾಕಿಯ ಲೆಕ್ಕವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕೋಟೆ ಎಲ್ಲಿ?

ಫೋರ್ಟ್ ಹೈಸ್ಕೂಲು ಎಂಬ ಹೆಸರು ಕೇಳಿದವರು ‘ಕೋಟೆ ಎಲ್ಲಿದೆ?’ ಎಂದು ಕೇಳುವುದು ಸಹಜ. ಮಾರುಕಟ್ಟೆಯಿಂದ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಎಡಗಡೆ ದಪ್ಪ ಕಲ್ಲಿನ ಗೋಡೆ, ಎತ್ತರದ ಬಾಗಿಲು ಕಾಣುತ್ತದೆ. ಅದೇ ಕೋಟೆಯ ದಿಲ್ಲಿ ಬಾಗಿಲು. ಒಳಗೆ ಒಂದು ಪುಟ್ಟ ಗಣಪತಿ ಗುಡಿ. ಇಷ್ಟು ಬಿಟ್ಟರೆ ಕೋಟೆಯ ಬಹುಪಾಲು ಇವತ್ತು ರಸ್ತೆ, ಆಸ್ಪತ್ರೆ, ಕಾಲೇಜುಗಳ ಕೆಳಗೆ ಅಡಗಿ ಹೋಗಿದೆ.

ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದಾಗ ಇಲ್ಲಿದ್ದದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಗಟ್ಟಿಯಾಗಿ ಕಟ್ಟಿಸಲು ಹೊರಟವನು ಹೈದರಾಲಿ, 1761ರಲ್ಲಿ. ಆದರೆ 1791ರ ಮಾರ್ಚ್ 21ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳನುಗ್ಗಿತು. ಮೊಮ್ಮಗಳಿಗೆ ಆ ಗೋಡೆಯನ್ನು ಮುಟ್ಟಿಸಿದೆ. “ಇಷ್ಟು ದಪ್ಪ ಗೋಡೇನಾ ಒಡೆದ್ರಾ?” ಎಂದು ಅವಳು ಕೈ ಅಗಲಿಸಿ ಅಳತೆ ಹಾಕಿದಳು. ಅವಳ ತೋಳು ಸಾಲಲಿಲ್ಲ.

ಇನ್ನೂ ಮುಂದೆ ಹೋದರೆ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ. ಎರಡು ಅಂತಸ್ತು, ಸಾಲು ಸಾಲು ಮರದ ಕಂಬಗಳು, ಕಮಾನುಗಳು. ಕೋಟೆ ಬಿದ್ದ 1791ರಲ್ಲೇ ಈ ಅರಮನೆಯ ಕೆಲಸವೂ ಮುಗಿದಿತ್ತು. ಬೇಸಿಗೆಯನ್ನು ತಂಪಾಗಿ ಕಳೆಯಲೆಂದು ಕಟ್ಟಿಸಿದ ಮನೆಯಲ್ಲಿ ಸುಲ್ತಾನ ಎಷ್ಟು ಬೇಸಿಗೆ ಕಳೆದಿರಬಹುದು, ನೀವೇ ಊಹಿಸಿ. ಮುಂದೆ ಇದೇ ಅರಮನೆ 1868ರವರೆಗೆ ಸರ್ಕಾರಿ ಕಚೇರಿಯಾಗಿತ್ತು. ಕಡತಗಳು ಹೆಚ್ಚಾಗಿ ಜಾಗ ಸಾಲದಾದಾಗ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಕಚೇರಿಗಳು ಹೋದವು. ಹದಿನೆಂಟು ಇಲಾಖೆಗಳಿದ್ದುದರಿಂದ ಅದಕ್ಕೆ ‘ಅಠಾರಾ ಕಚೇರಿ’ ಎಂದು ಹೆಸರು. ಈಗ ಅಲ್ಲಿ ಹೈಕೋರ್ಟು ಇದೆ. ಅರಮನೆಯ ಆ ಕಂಬಗಳ ನಡುವೆ ಎಷ್ಟೋ ಗುಮಾಸ್ತರು ಕೂತು ಲೆಕ್ಕ ಬರೆದಿದ್ದಾರೆ ಎಂದು ನೆನೆದರೆ ನನಗೆ ಈಗಲೂ ಒಂದು ಬಗೆಯ ಸಂತೋಷ.

ಅರಮನೆಗೆ ಅಂಟಿಕೊಂಡಂತೆ ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನ. ಅದು ಅರಮನೆಗಿಂತ ಹಳೆಯದು. ಹದಿನೇಳನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು. ಸುಲ್ತಾನನ ಅರಮನೆ, ಒಡೆಯರ ದೇವಸ್ಥಾನ ಎರಡೂ ಒಂದೇ ಗೋಡೆಯ ನೆರೆಹೊರೆ. ಇವೆರಡನ್ನೂ ನೋಡಿಕೊಂಡು ದಿನವೂ ಶಾಲೆಗೆ ಹೋಗುತ್ತಿದ್ದ ನಮಗೆ ಇತಿಹಾಸದ ಪಾಠ ಅರ್ಧ ದಾರಿಯಲ್ಲೇ ಮುಗಿದಿರುತ್ತಿತ್ತು.

1907ರ ಬೆಂಗಳೂರು

ಆ ಕಾಲದ ಬೆಂಗಳೂರನ್ನು ಮಕ್ಕಳು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಹಳೆಯ ಪೇಟೆ ತುಂಬಿ ತುಳುಕುತ್ತಿತ್ತು. 1892ರಲ್ಲಿ ಕೋಟೆಯ ಪಕ್ಕದಲ್ಲಿ ಅಚ್ಚುಕಟ್ಟಾದ ರಸ್ತೆಗಳ ಹೊಸ ಬಡಾವಣೆ ಎದ್ದಿತು. ಆಗಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಅದು ಚಾಮರಾಜಪೇಟೆಯಾಯಿತು. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಓಣಿಗಳಲ್ಲಿ ಜನ ಸತ್ತರು. ಬದುಕಿದವರಲ್ಲಿ ಎಷ್ಟೋ ಜನ ಊರ ಹೊರಗೆ ಗುಡಿಸಲು ಹಾಕಿದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಪೆಟ್ಟಿನ ನಂತರವೇ. 1900ರಲ್ಲಿ ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1905ರ ಆಗಸ್ಟ್ 5ರಂದು ಊರಿನ ಬೀದಿಗೆ ಮೊದಲ ವಿದ್ಯುತ್ ದೀಪ ಬಂತು. ಶಿವನಸಮುದ್ರದಲ್ಲಿ ಕಾವೇರಿ ಧುಮುಕಿದರೆ ಬೆಂಗಳೂರಿನ ಬೀದಿಯಲ್ಲಿ ಬೆಳಕು!

ಅದಾಗಿ ಎರಡು ವರ್ಷಕ್ಕೆ, 1907ರಲ್ಲಿ, ಕೋಟೆಯ ಆವರಣದಲ್ಲಿ ನಮ್ಮ ಶಾಲೆಯ ಕಟ್ಟಡ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲ. ವಿ. ಪಿ. ಮಾಧವರಾಯರು ದಿವಾನರು. ಸಂಸ್ಥಾನದ ಶಾಸನ ಪರಿಷತ್ತು ಶುರುವಾದದ್ದೂ ಅದೇ ವರ್ಷ. ಶಾಲೆಯನ್ನು ಆಗ ‘ಆಂಗ್ಲೋ ವರ್ನಾಕ್ಯುಲರ್’ ಶಾಲೆ ಎನ್ನುತ್ತಿದ್ದರು. ಅಂದರೆ ಇಂಗ್ಲಿಷನ್ನೂ ನಾಡಭಾಷೆಯನ್ನೂ ಜೊತೆಯಲ್ಲೇ ಕಲಿಸುವ ಶಾಲೆ. ಪೇಟೆಯ ವ್ಯಾಪಾರಿಯ ಮಗನೂ, ಕಚೇರಿಯ ಗುಮಾಸ್ತನ ಮಗನೂ, ಗಾಡಿ ಹೊಡೆಯುವವನ ಮಗನೂ ಒಂದೇ ಬೆಂಚಿನಲ್ಲಿ ಕೂರಬಹುದಾಗಿದ್ದ ಜಾಗ.

ಕತ್ತಿಗಾಗಿ ಕಟ್ಟಿದ ಕೋಟೆಯೊಳಗೆ ಪುಸ್ತಕ ಹೊಕ್ಕಿತು ಎಂದು ನಮ್ಮ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ಹುಡುಗರಾಗಿದ್ದ ನಮಗೆ ಆಗ ಆ ಮಾತಿನ ತೂಕ ತಿಳಿಯಲಿಲ್ಲ. ಇವತ್ತು ಅದೇ ಸುತ್ತಳತೆಯಲ್ಲಿ 1935ರ ವಾಣಿವಿಲಾಸ ಆಸ್ಪತ್ರೆ ಇದೆ, 1955ರಲ್ಲಿ ಶುರುವಾದ ಮೆಡಿಕಲ್ ಕಾಲೇಜು ಇದೆ. ಚಾಮರಾಜಪೇಟೆಯಲ್ಲೇ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಗುಂಡು ಹಾರಿಸುತ್ತಿದ್ದ ಜಾಗದಲ್ಲಿ ಮಕ್ಕಳು ಹುಟ್ಟುತ್ತಾರೆ, ರೋಗ ವಾಸಿಯಾಗುತ್ತದೆ, ಪಾಠ ನಡೆಯುತ್ತದೆ.

ಗೋಡೆಯೇ ಏಸಿ

ಗೇಟಿನಲ್ಲಿ ಅನುಮತಿ ಕೇಳಿ ಒಳಗೆ ಹೋದೆವು. ಶನಿವಾರದ ಬೆಳಗಿನ ತರಗತಿಗಳು ಮುಗಿಯುವ ಹೊತ್ತು. ಹುಡುಗರು ಬ್ಯಾಗು ಬೀಸಿಕೊಂಡು ಹೊರಗೆ ಓಡುತ್ತಿದ್ದರು. ಬಿಸಿಲು ಚುರುಗುಟ್ಟುತ್ತಿತ್ತು. ಜಗಲಿ ಹತ್ತಿದ ಕೂಡಲೇ ಮೊಮ್ಮಗಳು, “ಅಬ್ಬ, ಎಷ್ಟು ತಣ್ಣಗಿದೆ!” ಅಂದಳು.

“ಇದೇ ನಮ್ಮ ಏಸಿ” ಅಂದೆ.

ಆ ಕಾಲದ ಕಟ್ಟಡಗಳ ಗುಟ್ಟು ಮಕ್ಕಳಿಗೆ ತಿಳಿದಿರಲಿ. ಮೊದಲನೆಯದು ದಪ್ಪ ಗೋಡೆ. ಬಿಸಿಲಿನ ಕಾವು ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ಶಾಲೆ ಬಿಟ್ಟಿರುತ್ತದೆ. ಎರಡನೆಯದು ಎತ್ತರದ ಛಾವಣಿ. ಬಿಸಿ ಗಾಳಿ ಹಗುರ, ಅದು ಮೇಲೇರುತ್ತದೆ. ಛಾವಣಿಯ ಹತ್ತಿರದ ಸಣ್ಣ ಬೆಳಕಿಂಡಿಗಳಿಂದ ಹೊರಗೆ ಹೋಗುತ್ತದೆ. ಕೆಳಗಿನ ದೊಡ್ಡ ಕಿಟಕಿಗಳಿಂದ ತಂಪು ಗಾಳಿ ಒಳಗೆ ಬರುತ್ತದೆ. ಮೂರನೆಯದು ಜಗಲಿ. ಬಿಸಿಲೂ ಮಳೆಯ ಎರಚಲೂ ನೇರವಾಗಿ ತರಗತಿಯ ಗೋಡೆಗೆ ತಾಗದಂತೆ ಅದು ಕೊಡೆ ಹಿಡಿದ ಹಾಗೆ ನಿಂತಿರುತ್ತದೆ. ನಾಲ್ಕನೆಯದು ಗಾರೆ. ಸಿಮೆಂಟು ಬರುವ ಮೊದಲು ಸುಣ್ಣ, ಮರಳು ಅರೆದು ಮಾಡಿದ ಗಾರೆಯಲ್ಲೇ ಕಟ್ಟುತ್ತಿದ್ದರು. ಸುಣ್ಣದ ಗೋಡೆ ತೇವವನ್ನು ಹೀರುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಅದಕ್ಕೇ ಹಳಬರು ‘ಗೋಡೆ ಉಸಿರಾಡುತ್ತದೆ’ ಎನ್ನುತ್ತಿದ್ದರು. ಕರೆಂಟ್ ಬಿಲ್ಲೇ ಇಲ್ಲದ ಏಸಿ ಇದು.

ನಮ್ಮ ಕಾಲದ ಬೇರೆ ಸೌಲಭ್ಯಗಳನ್ನೂ ಹೇಳಿಬಿಡುತ್ತೇನೆ. ಒಂದು ಲ್ಯಾಬೊರೇಟರಿ. ಅಲ್ಲಿ ಕಿಪ್ಸ್ ಉಪಕರಣದಲ್ಲಿ ಹೈಡ್ರೋಜನ್ ಸಲ್ಫೈಡ್ ತಯಾರಿಸಿದ ದಿನ ಕೊಳೆತ ಮೊಟ್ಟೆಯ ನಾತ ಜಗಲಿಯುದ್ದಕ್ಕೂ ಹಬ್ಬುತ್ತಿತ್ತು. ಆವತ್ತು ಕನ್ನಡ ಮೇಷ್ಟ್ರು ಮೂಗಿಗೆ ಶಲ್ಯ ಮುಚ್ಚಿಕೊಂಡೇ ಪಾಠ ಮಾಡುತ್ತಿದ್ದರು. ಗಾಜಿನ ಬಾಗಿಲ ಬೀರುಗಳಲ್ಲಿ ಪುಸ್ತಕ ಭಂಡಾರ. ವಾರಕ್ಕೊಂದು ಪುಸ್ತಕ. ಕಿವಿ ಮಡಿಸಿ ತಂದರೆ ನಮ್ಮ ಕಿವಿಗೇ ಕೈ ಬರುತ್ತಿತ್ತು. 1962ರ ಚೀನಾ ಯುದ್ಧ ಮುಗಿದ ಹೊಸತು. ಎನ್‌ಸಿಸಿ ಎಂದರೆ ಎಲ್ಲರಿಗೂ ಹುಚ್ಚು. ಖಾಕಿ ಚಡ್ಡಿಗೆ ಗಂಜಿ ಹಾಕಿ, ಇಸ್ತ್ರಿ ಪೆಟ್ಟಿಗೆ ಇಲ್ಲದವರು ಬಿಸಿನೀರಿನ ಚೊಂಬು ಉಜ್ಜಿ ಗೆರೆ ತೆಗೆದು ಬರುತ್ತಿದ್ದೆವು.

ಮೈದಾನವೇ ಸಂಗೀತ ಸಭೆ

ಶಾಲೆಯ ಮೈದಾನದ ಹೆಸರು ಕೇಳಿದರೆ ಸಂಗೀತ ಬಲ್ಲ ಅಜ್ಜ ಅಜ್ಜಿಯರ ಮುಖ ಅರಳುತ್ತದೆ. 1939ರಲ್ಲಿ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು ಶುರುಮಾಡಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ದಶಕಗಳ ಕಾಲ ನಡೆದುಬಂದದ್ದು ಈ ಫೋರ್ಟ್ ಹೈಸ್ಕೂಲ್ ಮೈದಾನದ ಚಪ್ಪರದಲ್ಲೇ. ಎಂ. ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿ ಕೃಷ್ಣ, ಭೀಮಸೇನ ಜೋಶಿ ಅಂಥವರು ಇಲ್ಲಿ ಹಾಡಿದ್ದಾರೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡಕ್ಕೂ ಒಂದೇ ಚಪ್ಪರ.

ನಮಗೆ ಟಿಕೆಟಿಗೆ ದುಡ್ಡೆಲ್ಲಿ? ಚಪ್ಪರದ ಹೊರಗೆ ರಸ್ತೆಯ ಅಂಚಿನಲ್ಲಿ ಹಳೆಯ ಪೇಪರು ಹಾಸಿಕೊಂಡು ಮನೆಮಂದಿಯೆಲ್ಲ ಕೂರುತ್ತಿದ್ದರು. ಧ್ವನಿವರ್ಧಕದಲ್ಲಿ ಬರುವ ಹಾಡು ಟಿಕೆಟು ಕೇಳುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ರಾಮನವಮಿಯೂ ಬೇಸಿಗೆಯಲ್ಲಿ ಒಂದರ ಹಿಂದೆ ಒಂದು. ರೇಖಾಗಣಿತದ ಪ್ರಮೇಯವನ್ನು ಬಾಯಿಪಾಠ ಮಾಡುತ್ತಿದ್ದವನ ಕಿವಿಗೆ ತನಿ ಆವರ್ತನ ಬಿದ್ದರೆ, ಕಾಲು ತಾಳ ಹಾಕುತ್ತಿತ್ತು, ಬಾಯಿ ತ್ರಿಕೋನ ಎನ್ನುತ್ತಿತ್ತು.

“ಅಂದ್ರೆ ನೀವು ಹೇಳಿದ್ದು ಬುರುಡೆ ಅಲ್ಲ” ಎಂದು ಮೊಮ್ಮಗಳು ಒಪ್ಪಿಕೊಂಡಳು. ಜಗಲಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಆಗ ನನಗೆ ಆ ರೂಪಾಯಿ ನೆನಪಾಯಿತು. ನಿಜ ಹೇಳಬೇಕೆಂದರೆ ಅದು ಮರೆತೇ ಇರಲಿಲ್ಲ.

ಮಲ್ಲಿಗೆ

ನಮ್ಮ ತರಗತಿಯಲ್ಲಿ ನಲವತ್ತೆರಡು ಹುಡುಗರು. ಅವರಲ್ಲಿ ಒಬ್ಬನನ್ನು ‘ಮಲ್ಲಿಗೆ’ ಎಂದೇ ಕರೆಯುತ್ತಿದ್ದೆವು. ಅವರಪ್ಪನದು ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೂಟೆ ಇಳಿಸಿ, ಹೂ ಕಟ್ಟಿ, ಮುಖ ತೊಳೆದು ಶಾಲೆಗೆ ಓಡಿ ಬರುತ್ತಿದ್ದ. ಬೆರಳ ತುದಿ ಬಾಳೆನಾರಿನಿಂದ ಸದಾ ಕಪ್ಪಾಗಿರುತ್ತಿತ್ತು. ಆದರೆ ಅವನು ಬಂದು ಕೂತರೆ ಬೆಂಚೆಲ್ಲ ಘಮ್ಮೆನ್ನುತ್ತಿತ್ತು. ಲೆಕ್ಕದಲ್ಲಿ ನನಗಿಂತ ಚುರುಕು. ಮೊಳ, ಮಾರು, ಹೂವಿನ ಸೇರು, ಮುಂಗಡ, ಸಾಲ ಎಲ್ಲ ಬಾಯಲ್ಲೇ ಮಾಡುತ್ತಿದ್ದ.

1965ರ ಕೊನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹಣ ಕಟ್ಟುವ ಸಮಯ. ಮಲ್ಲಿಗೆಯ ಅಪ್ಪನಿಗೆ ಕಾಯಿಲೆಯಾಗಿ ಪಕ್ಕದ ದೊಡ್ಡಾಸ್ಪತ್ರೆಗೆ ಸೇರಿಸಿದ್ದರು. ಅವನು ಎಂಟು ದಿನ ಶಾಲೆಗೆ ಬರಲಿಲ್ಲ. ಈ ವರ್ಷ ಪರೀಕ್ಷೆ ಬೇಡ, ಅಂಗಡಿ ನೋಡಿಕೋ ಎಂದು ಮನೆಯಲ್ಲಿ ಹೇಳಿದ್ದಾರೆ ಎಂಬ ಸುದ್ದಿ ಬಂತು. ನಮ್ಮ ಗಣಿತದ ಮೇಷ್ಟ್ರು ಕಚ್ಚೆಪಂಚೆ, ಕರಿ ಕೋಟಿನವರು. ಹೆಚ್ಚು ಮಾತಿಲ್ಲ. ಆವತ್ತು ಬಾಗಿಲು ಮುಂದೆ ಮಾಡಿ ಹೇಳಿದರು: “ಯಾರಿಗೆ ಎಷ್ಟು ಆಗುತ್ತೋ ಅಷ್ಟು ತನ್ನಿ. ಆಗದವರು ತರಬೇಡಿ. ಆದರೆ ಒಂದು ಮಾತು. ಇದು ಅವನ ಕಿವಿಗೆ ಬೀಳಕೂಡದು. ಇವತ್ತಲ್ಲ, ಎಂದೆಂದಿಗೂ.”

ಹಣ ಕೂಡಿಸಿ ಲೆಕ್ಕ ಬರೆಯುವ ಕೆಲಸ ನನಗೆ ಬಂತು. ಅಕ್ಷರ ಗುಂಡಗಿತ್ತು ಎಂಬುದೇ ಕಾರಣ. ಹುಡುಗರು ಹತ್ತು ಪೈಸೆ, ನಾಲ್ಕಾಣೆ, ಎಂಟಾಣೆ ತಂದು ಕೊಟ್ಟರು. ನಾನು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಹಾಕಿ ಬರೆದೆ. ಮೂರು ದಿನದಲ್ಲಿ ಒಟ್ಟು ಹನ್ನೆರಡು ರೂಪಾಯಿ ಆಯಿತು. ನನ್ನ ಬದುಕಿನ ಮೊದಲ ಲೆಡ್ಜರು ಅದು.

ಮೂರನೇ ದಿನ ಸಂಜೆ ಒಂದು ರೂಪಾಯಿ ನನ್ನ ಜೇಬಿನಲ್ಲೇ ಉಳಿಯಿತು. ಉಳಿಯಿತು ಎಂದರೆ ತಪ್ಪು, ಉಳಿಸಿಕೊಂಡೆ. ರಾಜ್‌ಕುಮಾರ್ ಸಿನಿಮಾ ಬಂದಿತ್ತು. ತರಗತಿಯಲ್ಲಿ ನಾನೊಬ್ಬನೇ ನೋಡಿರಲಿಲ್ಲ. ಟಿಕೆಟು ತೆಗೆದುಕೊಂಡು, ಉಳಿದುದಕ್ಕೆ ಮಸಾಲೆ ದೋಸೆ ತಿಂದೆ. ಆ ಸಿನಿಮಾದ ಹೆಸರು ಹೇಳಲು ಇವತ್ತಿಗೂ ನಾಚಿಕೆ: ‘ಸತ್ಯ ಹರಿಶ್ಚಂದ್ರ’!

ಮರುದಿನ ಮೇಷ್ಟ್ರು ಕೇಳಿದರು, “ಎಷ್ಟಾಯಿತಯ್ಯಾ?”

“ಹನ್ನೊಂದು ರೂಪಾಯಿ, ಸಾರ್.”

ಅವರು ಹಾಳೆ ನೋಡಲಿಲ್ಲ, ಎಣಿಸಲೂ ಇಲ್ಲ. ಕೋಟಿನ ಒಳಜೇಬಿಗೆ ಕೈ ಹಾಕಿ ಮಡಿಸಿದ ಒಂದು ರೂಪಾಯಿ ನೋಟು ತೆಗೆದರು. “ಇದನ್ನೂ ಸೇರಿಸು. ಹನ್ನೆರಡಾಗಲಿ” ಅಂದರು. ತಿಂಗಳ ಕೊನೆ ಅದು. ಅವರ ಜೇಬಿನಲ್ಲಿ ಬೇರೆ ನೋಟು ಇದ್ದ ಹಾಗೆ ಕಾಣಲಿಲ್ಲ.

ಮಲ್ಲಿಗೆ ಪರೀಕ್ಷೆಗೆ ಕೂತ. ಪಾಸಾದ. ನಾನು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಷು ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ವೋಚರು ತಿರುವಿ ಹಾಕಿದ್ದುಂಟು. ಜೊತೆಯವರು, “ಒಂದು ರೂಪಾಯಿ ತಾನೇ, ಕೈಯಿಂದ ಹಾಕಿಬಿಡೋಣ” ಎನ್ನುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ‘ಬಲು ಪ್ರಾಮಾಣಿಕ ಮನುಷ್ಯ’ ಎಂದು ನಿವೃತ್ತಿಯ ದಿನ ಹಾರ ಹಾಕಿದರು. ಹಾರದ ಮಲ್ಲಿಗೆಯ ವಾಸನೆ ಮೂಗಿಗೆ ಬಡಿದು ನನಗೆ ತಲೆ ಎತ್ತಲಾಗಲಿಲ್ಲ.

ಇಷ್ಟನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಹದಿಮೂರು ವರ್ಷದ ಹುಡುಗಿಗೆ, ಅದೇ ಶಾಲೆಯ ಮೆಟ್ಟಿಲ ಮೇಲೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಬಡ್ಡಿ ಸೇರಿಸಿದ್ರೆ ಈಗ ಎಷ್ಟಾಗತ್ತೆ ತಾತ?” ಅಂದಳು.

ಬಡ್ಡಿಯ ಲೆಕ್ಕ

ಮಕ್ಕಳೇ, ಇದೊಂದು ಉಪಯೋಗದ ಲೆಕ್ಕ, ಕಲಿತುಕೊಳ್ಳಿ. ಚಕ್ರಬಡ್ಡಿಯಲ್ಲಿ ಇಟ್ಟ ಹಣ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ತಿಳಿಯಬೇಕಾದರೆ 72ನ್ನು ಬಡ್ಡಿಯ ದರದಿಂದ ಭಾಗಿಸಬೇಕು. ವರ್ಷಕ್ಕೆ ಶೇಕಡಾ 6 ಎಂದಿಟ್ಟುಕೊಳ್ಳಿ. 72ನ್ನು 6ರಿಂದ ಭಾಗಿಸಿದರೆ 12. ಅಂದರೆ ಹನ್ನೆರಡು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟು. ಅರವತ್ತು ವರ್ಷದಲ್ಲಿ ಹನ್ನೆರಡು ಐದು ಸಲ ಬರುತ್ತದೆ. ಒಂದು ಎರಡಾಯಿತು, ಎರಡು ನಾಲ್ಕು, ನಾಲ್ಕು ಎಂಟು, ಎಂಟು ಹದಿನಾರು, ಹದಿನಾರು ಮೂವತ್ತೆರಡು. ಕರಾರುವಾಕ್ಕಾಗಿ ಲೆಕ್ಕ ಹಾಕಿದರೆ 32 ರೂಪಾಯಿ 99 ಪೈಸೆ.

“ಮೂವತ್ತಮೂರೇ ರೂಪಾಯಿನಾ? ಅದಕ್ಕೆ ಇಷ್ಟು ವರ್ಷ ಬೇಜಾರು ಮಾಡ್ಕೊಂಡಿದ್ರಾ?” ಎಂದು ಅವಳು ಕಣ್ಣರಳಿಸಿದಳು. ಆಮೇಲೆ, “ಮೇಷ್ಟ್ರು ಈಗ ಇಲ್ಲ. ಆದ್ರೆ ಮಲ್ಲಿಗೆ ತಾತ ಇದಾರಲ್ಲ?”

ಇದ್ದಾನೆ. ವರ್ಷಕ್ಕೆ ಎರಡು ಮೂರು ಸಲ ಹಬ್ಬದ ಹೂವಿಗೆ ಅವನ ಅಂಗಡಿಗೇ ಹೋಗುತ್ತೇನೆ. ಒಂದು ಸಲವೂ ಬಾಯಿಗೆ ಬಂದಿರಲಿಲ್ಲ.

ಈಗಿನ ಸೌಲಭ್ಯಗಳು

ಏಳುವ ಮೊದಲು ಅವಳ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕಾಯಿತು. “ಈಗ್ಲೂ ಮಲ್ಲಿಗೆ ತಾತನ ಥರ ಹುಡುಗ್ರು ದುಡ್ಡಿಲ್ಲ ಅಂತ ಸ್ಕೂಲ್ ಬಿಡ್ತಾರಾ?”

ಬಿಡುವವರು ಇದ್ದಾರೆ. ಆದರೆ ಅವರನ್ನು ಹಿಡಿದು ನಿಲ್ಲಿಸುವ ಏರ್ಪಾಡುಗಳು ನಮ್ಮ ಕಾಲಕ್ಕಿಂತ ಈಗ ಎಷ್ಟೋ ಹೆಚ್ಚು. ನಾವು ಓದುವಾಗ ಪ್ರೈಮರಿ ಶಾಲೆಯ ಮಕ್ಕಳಿಗೆ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು, ಪುಡಿ ಹಾಲು ಸಿಗುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲೆ ಬುತ್ತಿ ಇದ್ದರೆ ಊಟ, ಇಲ್ಲದಿದ್ದರೆ ನಲ್ಲಿ ನೀರು. ಈಗ ಸರ್ಕಾರಿ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೂ ಮಧ್ಯಾಹ್ನದ ಬಿಸಿಯೂಟ ಇದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಇದೆ. ಮೊಟ್ಟೆಯೋ ಬಾಳೆಹಣ್ಣೋ ಸಿಗುತ್ತದೆ. ಪಠ್ಯಪುಸ್ತಕ, ಸಮವಸ್ತ್ರ, ಶೂ ಸಿಗುತ್ತವೆ. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುವ ನೋಟ ಎಷ್ಟು ಚೆನ್ನಾಗಿತ್ತು!

ಹೊಳಪು ಪುಸ್ತಿಕೆಯ ಪಟ್ಟಿಯಲ್ಲಿ ಇವು ಯಾವುವೂ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ, ಅಲ್ಲಿ ಹೋಗುವ ಮಕ್ಕಳಿಗೆ ಮನೆಯಲ್ಲೇ ಇವೆಲ್ಲ ಇರುತ್ತವೆ. ಆದರೆ ಒಂದು ಲೋಟ ಹಾಲು, ಒಂದು ತಟ್ಟೆ ಅನ್ನ ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಉಳಿಸುತ್ತದೆ ಎಂದರೆ ಅದಕ್ಕಿಂತ ದೊಡ್ಡ ಸೌಲಭ್ಯ ಯಾವುದು? ಈಜುಕೊಳ ಬೇಡವೆಂದು ನಾನು ಹೇಳುತ್ತಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೂ ಈಜು ಬರಲಿ.

ಲೆಕ್ಕ ಚುಕ್ತಾ ಆಗಲಿಲ್ಲ

ಮಾರುಕಟ್ಟೆಗೆ ವಾಪಸು ಬಂದೆವು. ಕೆರೆಯ ಜಾಗದಲ್ಲಿ ಎದ್ದ ಮಾರುಕಟ್ಟೆ ಇದು. ಸಿದ್ದಿಕಟ್ಟೆ ಎಂಬ ಕೆರೆ ಇಲ್ಲಿತ್ತು. ಮಲ್ಲಿಗೆ ಎಂದಿನಂತೆ ಗೋಣಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದ. ಅಂಗಡಿ ಈಗ ಮಗನದು. ಆದರೆ ಇವನಿಗೆ ಮನೆಯಲ್ಲಿ ಕೂತರೆ ಕೈ ತುರಿಸುತ್ತದಂತೆ.

ಮೂವತ್ತಮೂರು ರೂಪಾಯಿ ಅವನ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಸಿನಿಮಾ, ದೋಸೆ, ಮೇಷ್ಟ್ರ ಕೋಟು, ಏನನ್ನೂ ಬಿಡಲಿಲ್ಲ. ಅವನು ಬೈಯುತ್ತಾನೆ, ಇಲ್ಲವೇ ನಕ್ಕುಬಿಡುತ್ತಾನೆ ಎಂದುಕೊಂಡಿದ್ದೆ. ಅವನ ಬೆರಳು ನಿಂತುಹೋಯಿತು.

“ಯಾವ ಹನ್ನೆರಡು ರೂಪಾಯಿ ಕಣೋ? ನಂಗೆ ಸರ್ಕಾರದಿಂದ ಸ್ಕಾಲರ್‌ಶಿಪ್ ಬಂದಿದೆ ಅಂತ ಅಲ್ವಾ ಮೇಷ್ಟ್ರು ಹೇಳಿದ್ದು?”

‘ಇವತ್ತಲ್ಲ, ಎಂದೆಂದಿಗೂ’ ಎಂದು ಮೇಷ್ಟ್ರು ಹೇಳಿದ್ದು ನನಗೆ ಆಗ ನೆನಪಾಯಿತು. ನನ್ನ ಒಂದು ರೂಪಾಯಿಯ ಭಾರ ಇಳಿಸಿಕೊಳ್ಳುವ ಆತುರದಲ್ಲಿ ಅವರು ಅರವತ್ತು ವರ್ಷ ಮುಚ್ಚಿಟ್ಟಿದ್ದನ್ನು ಬಿಚ್ಚಿಬಿಟ್ಟಿದ್ದೆ. ನಲವತ್ತೊಂದು ಹುಡುಗರು ಮೀಸೆ ಬಂದು, ತಲೆ ನರೆತು, ಕೆಲವರು ತೀರಿಯೂ ಹೋಗಿ, ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಬಾಯಿಬಿಟ್ಟವನು ನಾನೇ.

ಮಲ್ಲಿಗೆ ಬಹಳ ಹೊತ್ತು ಸುಮ್ಮನಿದ್ದ. ನಾರು ಬೆರಳಿಗೆ ಸುತ್ತಿಕೊಂಡೇ ಇತ್ತು.

“ಸ್ಕಾಲರ್‌ಶಿಪ್ ತಗೊಂಡು ಓದ್ದೋನು ನಾನು ಅಂತ ಮಕ್ಕಳ ಹತ್ರ ಎಷ್ಟು ಜಂಬ ಕೊಚ್ಚಿದೀನಿ ಗೊತ್ತಾ?” ಅಂದ. ಮತ್ತೆ ತಾನೇ, “ಕೊಚ್ಚಿದ್ದೇನೂ ಸುಳ್ಳಲ್ಲ ಬಿಡು. ನಲವತ್ತೊಂದು ಜನ ಕೊಟ್ಟಿದ್ದು. ಸರ್ಕಾರಕ್ಕಿಂತ ದೊಡ್ಡದೇ.”

ಆಮೇಲೆ ದುಡ್ಡು ಎತ್ತಿಕೊಂಡು ಎಣಿಸಿದ. ಮೂರು ಹತ್ತರ ನೋಟು, ಮೂರು ನಾಣ್ಯ. “ಒಂದು ಪೈಸೆ ಜಾಸ್ತಿ ಕೊಟ್ಟಿದೀಯ” ಅಂದ. ಲೆಕ್ಕದಲ್ಲಿ ಅವನು ಆಗಲೂ ನನಗಿಂತ ಮುಂದು ಎಂದೆನಲ್ಲ! ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಲಿಲ್ಲ. ಕಾಗದದಲ್ಲಿ ಸುತ್ತಿ ಬೇರೆ ಇಟ್ಟ. ಯಾಕೆಂದು ನಾನು ಕೇಳಲಿಲ್ಲ. ಮೊಮ್ಮಗಳ ಜಡೆಗೆ ಒಂದು ಮೊಳ ಮಲ್ಲಿಗೆ ಅಳೆದುಕೊಟ್ಟ. ಮೊಳ ಅಳೆಯುವಾಗ ಅವನ ತೋಳು ಸ್ವಲ್ಪ ಉದ್ದವೇ ಆಯಿತು.

“ಆ ನೋಟುಬುಕ್ಕು ಇದೆಯೇನೋ? ಹೆಸರು ಬರೆದಿದ್ದೆಯಲ್ಲ, ಯಾರ‍್ಯಾರು ಎಷ್ಟೆಷ್ಟು ಅಂತ?”

ನೋಟುಬುಕ್ಕು ಎಂದೋ ರದ್ದಿಗೆ ಹೋಗಿದೆ. ಆದರೆ ಹೆಸರುಗಳು ನೆನಪಿವೆ. ಈಗ ಇಬ್ಬರೂ ಸೇರಿ ಪಟ್ಟಿ ಮಾಡುತ್ತಿದ್ದೇವೆ. ಇವತ್ತಿಗೆ ಇಪ್ಪತ್ತೇಳು ಹೆಸರು ಸಿಕ್ಕಿವೆ. ಮುಂದಿನ ಶನಿವಾರ ಮಲ್ಲಿಗೆಯೂ ಶಾಲೆ ನೋಡಲು ನಮ್ಮ ಜೊತೆ ಬರುತ್ತಾನಂತೆ. ಅಷ್ಟು ಹತ್ತಿರದಲ್ಲೇ ಇದ್ದೂ ಒಳಗೆ ಕಾಲಿಟ್ಟು ಎಷ್ಟೋ ವರ್ಷವಾಯಿತಂತೆ.

ಮಕ್ಕಳೇ, ನಿಮ್ಮ ತಾತನನ್ನೋ ಅಜ್ಜಿಯನ್ನೋ ಒಮ್ಮೆ ಅವರು ಓದಿದ ಶಾಲೆಗೆ ಕರೆದುಕೊಂಡು ಹೋಗಿ. ಜಗಲಿಯ ಮೇಲೆ ಕೂರಿಸಿ, ಏನೇನು ಸೌಲಭ್ಯ ಇತ್ತು ಎಂದು ಕೇಳಿ. ಮೊದಲು ಕಟ್ಟಡ, ಮೈದಾನ, ಬೆತ್ತ ಎನ್ನುತ್ತಾರೆ. ಅಲ್ಲಿಗೇ ಏಳಬೇಡಿ, ಇನ್ನೂ ಸ್ವಲ್ಪ ಹೊತ್ತು ಕೂತಿರಿ.